ಒಂದು ಚಮಚ ಹೆಪ್ಪು

ನಮ್ಮ ಬೀದಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಮೂಲೆಮನೆಯವರು ಬೀಗ ರಿಪೇರಿ ಮಾಡುತ್ತಾರೆ, ಹಾಗಾಗಿ ಬೀಗದವರು. ಎದುರುಮನೆಯಾಕೆ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ನರ್ಸಮ್ಮನೇ. ಹರಿದ ಪ್ಯಾಂಟಿಗೆ ಜಿಪ್ ಹಾಕಿಕೊಡುತ್ತೇನೆ ಎಂಬ ಒಂದೇ ಪುಣ್ಯಕ್ಕೆ ನಾನು ಟೈಲರಮ್ಮ; ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಲು ನನಗೆ ಇವತ್ತಿಗೂ ಬರುವುದಿಲ್ಲ. ಆದರೆ ಮುರಿದ ಮರವನ್ನೂ ಗಾಜಿನಂತೆ ಗಟ್ಟಿಯಾಗುವ ಬಣ್ಣದ ರೆಸಿನ್ನನ್ನೂ ಸೇರಿಸಿ, ಕಂಡವರು ಕೈಗೆ ತೆಗೆದುಕೊಂಡು ನೋಡದೆ ಬಿಡದಂಥ ಒಡವೆ ಮಾಡುವ ನನ್ನ ಓರಗಿತ್ತಿ ಮಾತ್ರ ಎಲ್ಲರ ಬಾಯಲ್ಲೂ ಬಡಗಿಯ ಹೆಂಡತಿ.

ಇದು ನನಗೆ ಆಗುತ್ತಿರಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ. ಬಡಗಿ ಎಂದರೆ ನನ್ನ ಗಂಡನ ಅಣ್ಣ, ನನ್ನ ಭಾವನವರು. ಅವರಿಗೆ ಮರ್ಯಾದೆ ಕೊಟ್ಟೇ ಬರೆಯುತ್ತೇನೆ. ಮುಂದೆ ಒಂದೆರಡು ಕಡೆ ಅವರು ‘ಅವನು’ ಆಗಿಬಿಟ್ಟರೆ ಅದನ್ನು ಕೈತಪ್ಪು ಎಂದು ತಿಳಿಯಬೇಡಿ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಕೆಳಗೆ ಭಾವನವರು ಕಾಲು ಹೋದ ಮೇಜು, ಬೆನ್ನು ಮುರಿದ ಕುರ್ಚಿ, ಬಾಗಿಲು ಕಚ್ಚಿಕೊಂಡ ಬೀರು ಇವನ್ನೆಲ್ಲ ರಿಪೇರಿ ಮಾಡುತ್ತಾರೆ. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನನ್ನ ಹೊಲಿಗೆ ಮಷಿನ್ನು. ಮೇಲೆ ಎರಡು ರೂಮು, ಅಡುಗೆಮನೆ, ಬಚ್ಚಲಿಗೆ ಹೋಗುವ ಓಣಿಯಂಥ ಜಾಗ. ಅಲ್ಲಿ ನಾವು ಎರಡು ಜೋಡಿ, ಮತ್ತು ಅತ್ತೆ. ರಿಪೇರಿಯಲ್ಲಿ ಕಿತ್ತು ಎಸೆದ ಮುರುಕುಗಳು ಗುಜರಿಯವನಿಗೂ ಬೇಡವಾಗಿ ಕಸದ ಗಾಡಿಗೆ ಹೋಗುತ್ತಿದ್ದವು. ನನ್ನ ಓರಗಿತ್ತಿ, ನಾನು ಅಕ್ಕ ಎಂದು ಕರೆಯುವವಳು, ಅವುಗಳನ್ನು ಆಯ್ದು ಸೆರಗಿನಲ್ಲಿ ಮೇಲಕ್ಕೆ ತರತೊಡಗಿದಳು. ಇವಳಿಗೇನು ಕಸ ಗುಡ್ಡೆ ಹಾಕುವ ಹುಚ್ಚು ಹಿಡಿಯಿತೇ ಎಂದು ಅತ್ತೆ ನನ್ನ ಹತ್ತಿರ ಗುಟ್ಟಾಗಿ ಕೇಳಿದ್ದುಂಟು.

ಕೆಲಸ ಅವಳು ತಾನೇ ತಾನಾಗಿ ಕಲಿತದ್ದು. ಮೊಬೈಲಿನಲ್ಲಿ ಯಾರೋ ಮಾಡುವುದನ್ನು ನೋಡಿದಳು, ಕೆಡಿಸಿದಳು, ಮತ್ತೆ ನೋಡಿದಳು, ಮತ್ತೆ ಕೆಡಿಸಿದಳು. ಮನೆಯಲ್ಲಿ ಅವಳಿಗೆಂದು ಒಂದು ಮೇಜಿರಲಿಲ್ಲ. ಗಂಡ ಊರಿಗೆಲ್ಲ ಮೇಜು ನೆಟ್ಟಗೆ ಮಾಡಿಕೊಡುವ ಮನುಷ್ಯ, ಹೆಂಡತಿಗೆ ವಾಷಿಂಗ್ ಮಷಿನ್ನಿನ ಮುಚ್ಚಳ. ಓಣಿಯಲ್ಲಿದ್ದ ಆ ಮಷಿನ್ನಿನ ಒಂದು ಕಾಲ ಕೆಳಗೆ ರಟ್ಟು ಮಡಚಿಟ್ಟು, ನೀರು ತುಂಬಿದ ಬಟ್ಟಲಿಟ್ಟು ಮಟ್ಟ ನೋಡಿ, ಅಲ್ಲೇ ಅವಳ ಕಾರ್ಖಾನೆ. ಕಿಟಕಿ ತೆರೆದು, ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ ನಿಂತರೆ ಅತ್ತೆಗೂ ನರ್ಸಮ್ಮನಿಗೂ ನಗು. ಅವಳು ಅಚ್ಚಿಗೆ ರೆಸಿನ್ ಹೊಯ್ದ ದಿನ ಬಟ್ಟೆ ಒಗೆಯುವಂತಿಲ್ಲ. ಹಾಗೆ ಒಗೆಯದ ದಿನಗಳ ಬಗ್ಗೆ ಭಾವನವರ ಗೊಣಗಾಟ ಬೇರೆ: ಆಟಕ್ಕೆ ಬೇಕಾದಷ್ಟು ಹೊತ್ತಿದೆ, ಅಂಗಿ ಒಗೆಯೋದಕ್ಕೆ ಇಲ್ಲ.

ಆಟವಂತೆ. ಮರವನ್ನು ಅವಳು ಕೊಯ್ಯುತ್ತಿರಲಿಲ್ಲ, ಮುರಿದದ್ದನ್ನೇ ಬಳಸುತ್ತಿದ್ದಳು; ಸಾಲದಿದ್ದರೆ ಮೊಣಕಾಲಿಗೆ ಕೊಟ್ಟು ತಾನೇ ಮುರಿಯುತ್ತಿದ್ದಳು. ಕೊಯ್ದ ಮರದ ತುದಿ ಗೋಡೆಯ ಹಾಗೆ ನೆಟ್ಟಗೆ. ಮುರಿದ ತುದಿಯಲ್ಲಿ ಹಲ್ಲು, ಸಂದು, ಸಿಬಿರು ಎಲ್ಲ ಇರುತ್ತದೆ, ರೆಸಿನ್ ಹೋಗಿ ಕೂರುವುದು ಅಲ್ಲೇ. ಸಂದಿನ ಗಾಳಿ ಗುಳ್ಳೆಯಾಗಿ ಮೇಲೇಳದಂತೆ ಮೊದಲು ಅದಕ್ಕೆ ತೆಳುವಾಗಿ ಒಂದು ಪದರ ಬಳಿದು ಬಿಡಬೇಕು. ಆಮೇಲೆ ಅದನ್ನು ಅಚ್ಚಿನಲ್ಲಿಟ್ಟು, ಬಣ್ಣ ಕಲಸಿದ ರೆಸಿನ್ನನ್ನು ನೂಲಿನಂತೆ ಸಣ್ಣಗೆ ಹೊಯ್ದು, ಉಳಿದ ಗುಳ್ಳೆಗಳನ್ನು ಹಲ್ಲುಕಡ್ಡಿಯಿಂದ ಅಂಚಿಗೆ ಕರೆತಂದು ಒಡೆಯಬೇಕು. ಧೂಳು ಬೀಳದಂತೆ ಡಬ್ಬಿ ಬೋರಲು ಹಾಕಬೇಕು. ಗಟ್ಟಿಯಾದ ಮೇಲೆ ಬೇಕಾದ ಆಕಾರಕ್ಕೆ ಕತ್ತರಿಸಿ, ನೀರಿನೊಳಗೇ ಇಟ್ಟು ಉಪ್ಪುಕಾಗದದಿಂದ ಉಜ್ಜಬೇಕು, ಒರಟಿನಿಂದ ನುಣ್ಣನೆಯ ಕಾಗದಕ್ಕೆ ಇಳಿಯುತ್ತ, ಬೆರಳ ತುದಿ ಸುಕ್ಕುಗಟ್ಟುವ ತನಕ. ಆಗ ಹಳೆಯ ಕುರ್ಚಿಯ ಕಡ್ಡಿಯೊಂದು ಕಿವಿಯಲ್ಲಿ ನೀಲಿ ಬೆಳಕು ಹಿಡಿದುಕೊಂಡು ತೂಗುತ್ತದೆ. ಇದನ್ನು ಆಟ ಎನ್ನುವವರಿಗೆ ಒಂದು ಮಧ್ಯಾಹ್ನ ಉಪ್ಪುಕಾಗದ ಕೈಗೆ ಕೊಟ್ಟು ಕೂರಿಸಬೇಕು.

ರೆಸಿನ್ ಬರುವುದು ಎರಡು ಬಾಟಲಿಯಲ್ಲಿ. ದೊಡ್ಡದರಲ್ಲಿ ಮಂದವಾದ ರೆಸಿನ್, ಚಿಕ್ಕದರಲ್ಲಿ ಅದನ್ನು ಗಟ್ಟಿಮಾಡುವ ದ್ರವ. ಮೊದಮೊದಲು ಮನೆಯವರೆಲ್ಲ ಒಣಗಿತಾ ಎಂದು ಕೇಳುತ್ತಿದ್ದರು, ಅತ್ತೆ ಒಮ್ಮೆ ಅಚ್ಚನ್ನು ಬಿಸಿಲಿಗೂ ಇಟ್ಟಿದ್ದರು. ಇದು ಒಣಗುವ ವಸ್ತುವಲ್ಲ ಎಂದು ಅಕ್ಕ ತಿಳಿಹೇಳಿ ಸಾಕಾಗಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ ಅತ್ತೆ ಎಂದಳು. ಅತ್ತೆಗೆ ಅದು ಹಿಡಿಸಿತು. ಅಂದಿನಿಂದ ನಮ್ಮ ಮನೆಯಲ್ಲಿ ಚಿಕ್ಕ ಬಾಟಲಿಗೆ ಹೆಪ್ಪು ಎಂದೇ ಹೆಸರು. ಹೆಪ್ಪು ಹಾಕಿದೆಯಾ, ಹೆಪ್ಪಾಯ್ತಾ, ಹೆಪ್ಪು ಮುಗೀತು ತರಬೇಕು. ಮಾತೇನೋ ಚೆನ್ನಾಗಿ ನಡೆಯಿತು, ಅಚ್ಚನ್ನು ಅಲ್ಲಾಡಿಸುವುದನ್ನೂ ಎಲ್ಲರೂ ಬಿಟ್ಟರು. ಆದರೆ ಮೊಸರಿಗೆ ಒಂದು ಚಮಚ ಹೆಪ್ಪು ಸಾಕು. ಇದಕ್ಕೆ ದೊಡ್ಡ ಬಾಟಲಿಯದು ಎರಡು ಪಾಲಾದರೆ ಚಿಕ್ಕದರದ್ದು ಸರಿಯಾಗಿ ಒಂದು ಪಾಲು ಬೇಕು, ಅದೂ ತಕ್ಕಡಿಯಲ್ಲಿ ತೂಗಿ. ಅವಳು ತೂಗುವುದನ್ನು ಪಕ್ಕದಲ್ಲಿ ನಿಂತು ನೋಡಿದವಳು ನಾನೊಬ್ಬಳೇ. ಉಳಿದವರಿಗೆ ಶಬ್ದ ಗೊತ್ತಿತ್ತು, ಅಷ್ಟೇ.

ಒಂದು ದಿನ ಭಾವನವರು ಮುಖ್ಯ ರಸ್ತೆಯ ಶೋರೂಮಿಗೆ ಒಂದು ಕಪಾಟಿನ ಬಾಗಿಲು ಕೂರಿಸಲು ಹೋದರು. ಅದು ಬಟ್ಟೆ, ಬ್ಯಾಗು, ಒಡವೆ ಮಾರುವ ಅಂಗಡಿ, ಅದರ ಒಡತಿಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ರಸ್ತೆಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿಯಲ್ಲಿ ಅವರು ಏನಿಟ್ಟರೂ ಜನ ನಿಂತು ನೋಡುತ್ತಾರೆ. ಹೋಗುವಾಗ ಅಕ್ಕ ತಾನು ಮಾಡಿದ ಪದಕ, ಓಲೆ, ಬಳೆಗಳ ಡಬ್ಬಿಯನ್ನು ಕೊಟ್ಟು, ಆ ಮೇಡಂಗೆ ಒಮ್ಮೆ ತೋರಿಸಿ ಎಂದು ಕೇಳಿಕೊಂಡಳು. ಅವಳು ಗಂಡನ ಹತ್ತಿರ ಬಾಯಿಬಿಟ್ಟು ಏನಾದರೂ ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಆ ಕಿಟಕಿಯಲ್ಲಿ ತನ್ನ ಕೆಲಸ ತನ್ನದೆಂದು ಇರಬೇಕು, ನೋಡಿದವರು ಇದನ್ನು ಮಾಡಿದವಳು ಯಾರು ಎಂದು ಕೇಳಬೇಕು. ಇಷ್ಟನ್ನು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದಳು.

ಭಾವನವರು ಸಂಜೆ ಎದೆ ಉಬ್ಬಿಸಿಕೊಂಡು ಬಂದರು. ಮೇಡಂ ಡಬ್ಬಿಯನ್ನೇ ಇಟ್ಟುಕೊಂಡಿದ್ದಾರೆ, ಕಿಟಕಿಯಲ್ಲಿ ಒಂದು ಸಾಲು ಪೂರ್ತಿ ಕೊಡುತ್ತಾರಂತೆ, ಅದಕ್ಕೆ ಮುಂಚೆ ಮನೆಗೆ ಬಂದು ಕೆಲಸ ಮಾಡುವುದನ್ನು ನೋಡುತ್ತಾರಂತೆ. ಅಕ್ಕನ ಮುಖ ಅರಳಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ. ಅದನ್ನು ನೋಡುತ್ತಲೇ ಅವರು ಮುಂದಿನ ಮಾತು ಹೇಳಿದರು.

“ನಾನೇ ಮಾಡೋದು ಅಂತ ಹೇಳಿದೀನಿ. ಬಡಗಿ ಮಾಡಿದ್ದು ಅಂದ್ರೆ ಒಂದು ತೂಕ ಇರುತ್ತೆ.”

ನನಗೆ ತಡೆಯಲಾಗಲಿಲ್ಲ. ಮರ ಮುರಿದವಳು ಅವಳು, ಬೆರಳು ಸವೆಸಿದವಳು ಅವಳು, ನಿಮ್ಮದು ಹೇಗಾಯಿತು ಭಾವ ಎಂದು ಕೇಳಿಯೇಬಿಟ್ಟೆ. ಮರ ಯಾರ ಅಂಗಡಿಯದು ಎಂದು ಅವರು ತಿರುಗಿ ಕೇಳಿದರು. ಕಸದ ಗಾಡಿಗೆ ಹಾಕುವಾಗ ಅದು ಯಾರದೂ ಆಗಿರಲಿಲ್ಲ ಎಂದೆ. ನನ್ನ ಗಂಡ ನನ್ನ ಮೊಣಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅಕ್ಕ ತಟ್ಟೆ ತೊಳೆಯಲು ಹೋದದ್ದು ನೋಡಿ ನನಗೆ ಅವಳ ಮೇಲೂ ಸಿಟ್ಟು ಬಂತು.

ಮೇಡಂ ಬಂದ ದಿನ ಓಣಿಯ ವಾಷಿಂಗ್ ಮಷಿನ್ನು ಯಾರಿಗೂ ನೆನಪಾಗಲಿಲ್ಲ. ಕೆಳಗೆ ಅಂಗಡಿಯಲ್ಲಿ, ಭಾವನವರ ದೊಡ್ಡ ಕೆಲಸದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅಚ್ಚು, ಬಾಟಲಿ, ಬಣ್ಣ ಎಲ್ಲ ಇಳಿಸಿದ್ದರು. ಅಷ್ಟು ದೊಡ್ಡ ಮೇಜನ್ನು ಆ ಸಾಮಾನುಗಳು ಕಂಡದ್ದು ಅಂದೇ. ಅಕ್ಕನ ಪಾಲಿಗೆ ಟೀ ತರುವ ಕೆಲಸ ಬಂತು. ನಾನು ಹೊಲಿಗೆ ಮಷಿನ್ನಿನ ಮುಂದೆ ಯಾರದೋ ಜಿಪ್ಪನ್ನು ಹಿಡಿದುಕೊಂಡು ಕೂತೆ, ಹೊಲಿಯಲಿಲ್ಲ.

ಭಾವನವರು ಒಂದು ಮುರಿದ ಕುರ್ಚಿಕಾಲನ್ನು ಕೈಗೆತ್ತಿಕೊಂಡರು. ತುದಿಯಲ್ಲಿ ಎಷ್ಟು ಚಂದದ ಸಿಬಿರು. ಬಡಗಿಯ ಕಣ್ಣಿಗೆ ಅದು ಗಲೀಜು. ಗರಗಸ ತೆಗೆದು ಆ ತುದಿಯನ್ನು ನೆಟ್ಟಗೆ ಕೊಯ್ದು ಕೆಳಗೆ ಬೀಳಿಸಿದರು. ಹೆಮ್ಮೆಯಿಂದ, ನೋಡಿ ಎಷ್ಟು ನೀಟು ಎಂಬಂತೆ. ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕ ಕಣ್ಣು ಮುಚ್ಚಿ ತೆರೆದಳು. ಲೋಟ ಎಲ್ಲಿ ಎಂದು ಅವಳನ್ನು ಕೇಳಿದರು, ಕೊಟ್ಟಳು. ಬಣ್ಣ ಯಾವ ಡಬ್ಬಿಯಲ್ಲಿ ಎಂದು ಕೇಳಿದರು, ತೋರಿಸಿದಳು. ಕಲಸುವ ಕಡ್ಡಿ ಎಲ್ಲಿ ಎಂದು ಕೇಳಿದರು, ಅದು ಅವರ ಕೈಯ ಪಕ್ಕದಲ್ಲೇ ಇತ್ತು. ಆಮೇಲೆ ದೊಡ್ಡ ಬಾಟಲಿಯಿಂದ ಲೋಟದ ಮುಕ್ಕಾಲು ಭಾಗ ರೆಸಿನ್ ಸುರಿದು, ಈಗ ಇದಕ್ಕೆ ಹೆಪ್ಪು ಹಾಕಬೇಕು ಮೇಡಂ ಎಂದು ಘನವಾಗಿ ಹೇಳಿ, ಚಿಕ್ಕ ಬಾಟಲಿಯಿಂದ ಒಂದು ಚಮಚ ತೆಗೆದು ಅದಕ್ಕೆ ಹಾಕಿದರು.

ಒಂದೇ ಒಂದು ಚಮಚ. ನಾನು ಬಾಯಿ ತೆರೆದೆ. ಅಕ್ಕ ನನ್ನತ್ತ ನೋಡಿ ತಲೆ ಅಲ್ಲಾಡಿಸಿದಳು, ಬೇಡ ಎಂದು. ಇಷ್ಟೆಲ್ಲ ಆದ ಮೇಲೂ ಇವಳು ಆ ಮನುಷ್ಯನ ಮಾನ ಕಾಯುತ್ತಿದ್ದಾಳಲ್ಲ ಎಂದು ನಾನು ಹಲ್ಲು ಕಚ್ಚಿದೆ. ಭಾವನವರು ಕೊಯ್ದ ಮರದ ತುಂಡನ್ನು ಅಚ್ಚಿನಲ್ಲಿಟ್ಟು ರೆಸಿನ್ ತುಂಬಿದರು. ನಾಳೆ ಸಂಜೆ ಬಂದು ಅಚ್ಚಿನಿಂದ ಬಿಡಿಸುವುದನ್ನೂ ನೋಡುತ್ತೇನೆ ಎಂದು ಹೇಳಿ ಮೇಡಂ ಟೀ ಮುಗಿಸಿ ಹೋದರು.

ಬೆಳಗ್ಗೆ ಎದ್ದು ನೋಡಿದರೆ ಅಚ್ಚಿನಲ್ಲಿ ಪಾಕ. ಬೆರಳಿಟ್ಟರೆ ಬೆರಳ ಜೊತೆ ಎಳೆ ಬಂತು. ಅತ್ತೆ ಬಗ್ಗಿ ನೋಡಿ, ಹೆಪ್ಪು ಹಾಕಿದ್ದೆ ತಾನೆ ಎಂದು ಮಗನನ್ನು ಕೇಳಿದರು. ಒಂದು ಚಮಚ ತುಂಬಾ ಹಾಕಿದ್ದೆ ಎಂದ ಮಗ. ನಾನು ನಕ್ಕೆ, ಜೋರಾಗಿಯೇ ನಕ್ಕೆ. ಅವನು ನನ್ನನ್ನು ಗುರಾಯಿಸಿದರೂ ಆ ನಗುವಿಗೆ ಈಗಲೂ ನನಗೆ ಪಶ್ಚಾತ್ತಾಪವಿಲ್ಲ.

ಆಮೇಲೆ ನಡೆದದ್ದು ನಗುವ ಸಂಗತಿಯಲ್ಲ. ಸಂಜೆಯೊಳಗೆ ಅಕ್ಕ ಮೊದಲೇ ಮಾಡಿಟ್ಟಿದ್ದ ಒಂದು ತುಂಡನ್ನು ಅಚ್ಚು ತೊಳೆದು ಅದರಲ್ಲಿ ಕೂರಿಸಿಬಿಡಬೇಕು, ಮೇಡಂ ಎದುರು ಅವನು ಅದನ್ನು ಬಿಡಿಸಿ ತೋರಿಸಬೇಕು ಎಂಬುದು ಮನೆಯವರ ತೀರ್ಮಾನ. ಅವನು ತಾನಾಗಿ ಕೇಳಲಿಲ್ಲ, ಅದು ಸಂಕೋಚವಲ್ಲ, ಹೆಂಡತಿ ತಾನೇ ಮಾಡುತ್ತಾಳೆ ಎಂಬ ಧೈರ್ಯ. ಅತ್ತೆ ಕೇಳಿದರು. ನನ್ನ ಗಂಡನೂ ಕೇಳಿದರು, ಒಂದು ಸಲ ಅಲ್ವಾ ಅತ್ತಿಗೆ ಎಂದು. ಇದು ಮನೆಯ ಮರ್ಯಾದೆಯ ಪ್ರಶ್ನೆ ಎಂದರು. ಅವಳ ಕೆಲಸ ಕಿತ್ತುಕೊಂಡಾಗ ಆ ಮರ್ಯಾದೆ ಯಾವ ಬೀರುವಿನಲ್ಲಿತ್ತೋ ಗೊತ್ತಿಲ್ಲ.

ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಅತ್ತೆಯ ಎದುರು ಬಂದು ನಿಂತಳು.

“ಒಂದು ಸಲ ಅಲ್ಲ ಅತ್ತೆ. ಇವತ್ತು ನಾನು ಕೊಟ್ರೆ, ಇನ್ನು ಯಾವತ್ತೂ ಅದು ಅವರದ್ದೇ. ನಾನು ಕೊಡಲ್ಲ.”

ಅವಳು ಮೇಲೆ ಹೋದಳು, ನಾನೂ ಹಿಂದೆಯೇ ಹೋದೆ. ಹಾಗಾದರೆ ನಿನ್ನೆ ನನ್ನ ಬಾಯಿ ಯಾಕೆ ಮುಚ್ಚಿಸಿದೆ ಎಂದು ಜಗಳಕ್ಕೆ ನಿಂತೆ. ಅವಳು ವಾಷಿಂಗ್ ಮಷಿನ್ನಿಗೆ ಬಟ್ಟೆ ತುಂಬುತ್ತ ಹೇಳಿದಳು:

“ನೀನು ಹೇಳಿದ್ರೆ ಅವರು ಸರಿಯಾಗಿ ಹಾಕ್ತಿದ್ರು. ಗಟ್ಟಿ ಆಗಿಬಿಡೋದು.”

ನಾನು ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇವೆ, ಇವಳು ಸಾಧು ಎಂದೇ ನಾನು ತಿಳಿದಿದ್ದೆ.

ಸಂಜೆ ಮೇಡಂ ಬಂದರು. ಅಚ್ಚು ಅಂಟಂಟಾಗಿಯೇ ಮೇಜಿನ ಮೇಲಿತ್ತು. ಭಾವನವರು ಗಂಟಲು ಸರಿಮಾಡಿಕೊಂಡು, ನನ್ನ ಹೆಂಡತಿ ತಂದಿಟ್ಟ ಹೆಪ್ಪು ಹಳೆಯದು ಮೇಡಂ, ಹೆಂಗಸರಿಗೆ ಇದೆಲ್ಲ ಗೊತ್ತಾಗೋದಿಲ್ಲ ಎಂದರು. ಅಷ್ಟು ದಿನದ ಆ ವ್ಯವಹಾರದಲ್ಲಿ ಹೆಂಡತಿಯ ಸುದ್ದಿ ಅವರ ಬಾಯಿಗೆ ಬಂದದ್ದು ಅದೇ ಮೊದಲು. ಕೆಲಸ ಚೆನ್ನಾಗಿದ್ದಾಗ ಅವನದು, ಕೆಟ್ಟಾಗ ಅವಳದು. ನನ್ನ ಕೈಯಲ್ಲಿ ಕತ್ತರಿ ಇತ್ತು, ಅದನ್ನು ಮೇಜಿನ ಮೇಲಿಟ್ಟುಬಿಟ್ಟೆ, ಇಟ್ಟುಕೊಂಡಿರುವುದು ಒಳ್ಳೆಯದಲ್ಲ ಎನ್ನಿಸಿತು.

ಅಕ್ಕ ಮೆಟ್ಟಿಲಿಳಿದು ಬಂದು, ಹೆಪ್ಪು ಹಳೇದಲ್ಲ ಮೇಡಂ, ಅವರು ಹಾಕಿದ್ದು ಕಡಿಮೆ, ಅವರಿಗೆ ಗೊತ್ತಿಲ್ಲ, ಈ ಒಡವೆಗಳನ್ನೆಲ್ಲ ಮಾಡಿದ್ದು ನಾನು ಎಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ.

ಮೇಡಂಗೆ ಆಶ್ಚರ್ಯವೇ ಆಗಲಿಲ್ಲ. ಅದು ನನಗೆ ನಿನ್ನೆಯೇ ಗೊತ್ತಾಯಿತು ಎಂದರು. ಸ್ವಂತ ಅಡುಗೆಮನೆಯಲ್ಲಿ ನಿಂತು ಉಪ್ಪು ಎಲ್ಲಿದೆ ಎಂದು ಕೇಳುವ ಅಡುಗೆಯವರನ್ನು ನಾನು ನೋಡಿಲ್ಲ ಎಂದು ನಕ್ಕರು. ನನಗೆ ಆಕೆಯ ಮೇಲೆ ಪ್ರೀತಿ ಉಕ್ಕಿತು. ಅದು ಉಳಿದದ್ದು ಎಷ್ಟು ಹೊತ್ತು. ಆಕೆ ಅದೇ ನಗುವಿನಲ್ಲಿ ಮುಂದುವರಿಸಿದರು. ಕೆಲಸ ನೀನೇ ಮಾಡು, ಕಿಟಕಿಯಲ್ಲಿ ಮಾತ್ರ ಬಡಗಿಯ ಕೈಯ ಒಡವೆ ಅಂತಲೇ ಇರಲಿ. ಬಡಗಿ ಮಾಡಿದ್ದು ಎಂದರೆ ಜನ ಅದನ್ನು ಕಸುಬು ಎಂದು ನೋಡುತ್ತಾರೆ. ಮನೆಯ ಹೆಂಗಸು ಮಾಡಿದ್ದು ಎಂದರೆ, ಮನೇಲಿ ಕೂತು ಮಾಡಿದ್ದು ತಾನೆ ಎಂದು ಚೌಕಾಸಿಗೆ ನಿಲ್ಲುತ್ತಾರೆ. ಒಂದೇ ಮನೆಯವರಲ್ಲವೇ, ಏನು ವ್ಯತ್ಯಾಸ.

ಗಂಡಸು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಸ್ವಂತ ಅಂಗಡಿ ಕಟ್ಟಿಕೊಂಡು, ಸ್ವಂತ ಕುರ್ಚಿಯಲ್ಲಿ ಕೂತು ನಾಲ್ಕು ಜನರಿಗೆ ಸಂಬಳ ಕೊಡುವ ಹೆಂಗಸು, ಇನ್ನೊಬ್ಬ ಹೆಂಗಸಿನ ಮುಂದೆ ಈ ಮಾತನ್ನು ಬುದ್ಧಿವಾದ ಎಂಬಂತೆ ಹೇಳುತ್ತಾಳೆ. ಹೆಚ್ಚು ಉರಿದದ್ದು ಏಕೆಂದರೆ ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಜನ ಹಾಗೇ.

ಭಾವನವರ ಮುಖಕ್ಕೆ ಜೀವ ಬಂದಿತ್ತು. ಅಕ್ಕ ಬೇಡವೆಂದಳು. ಹೋಗಲಿ, ಬಡಗಿ ಮನೆಯ ಒಡವೆ ಅಂತ ಹಾಕೋಣ, ಆಗಬಹುದಲ್ಲ ಎಂದು ಮೇಡಂ ಪಟ್ಟು ಸಡಿಲಿಸಿದರು.

“ಮನೆ ಮಾಡಿಲ್ಲ ಮೇಡಂ,” ಎಂದಳು ಅಕ್ಕ. “ನಾನು ಮಾಡಿದ್ದು.”

ನನ್ನ ಕಿಟಕಿ ಎಲ್ಲರಿಗೂ ಸಿಗೋದಿಲ್ಲ, ಯೋಚನೆ ಮಾಡು ಎಂದರು ಮೇಡಂ. ಅದು ಗೊತ್ತು, ನನ್ನ ಡಬ್ಬಿ ವಾಪಸ್ ಕೊಡಿ ಎಂದು ಅಕ್ಕ ಕೈ ಚಾಚಿದಳು. ಚಾಚಿದ ಕೈ ಹಾಗೇ ಇತ್ತು, ಉಗುರಿನ ಸಂದಿನಲ್ಲಿ ಹಸಿರು ಬಣ್ಣ, ಬೆರಳ ತುದಿಯಲ್ಲಿ ಉಪ್ಪುಕಾಗದದ ಗೀರು. ಮೇಡಂ ಬ್ಯಾಗಿನಿಂದ ಡಬ್ಬಿ ತೆಗೆದು ಆ ಕೈಯ ಮೇಲಿಟ್ಟು, ಟೀಗೂ ನಿಲ್ಲದೆ ಹೋದರು.

ಆಮೇಲಿನ ದಿನಗಳಲ್ಲಿ ಮನೆ ಬೆಂಕಿಪೆಟ್ಟಿಗೆಯಾಗಿತ್ತು. ಬಾಗಿಲಿಗೆ ಬಂದ ಅದೃಷ್ಟಕ್ಕೆ ಬೆನ್ನು ತಿರುಗಿಸಿದಳು ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಭಾವನವರು ಹೆಂಡತಿಯ ಜೊತೆ ಮಾತು ಬಿಟ್ಟು, ಊಟಕ್ಕೆ ಉಪ್ಪು ಬೇಕಾದರೂ ತಮ್ಮನನ್ನು ಕೇಳಿದರು. ಕಿಟಕಿ ಹೋದದ್ದು ಹೋಯಿತು. ಅಕ್ಕನಿಗೆ ಅದು ನೋವಾಗಲಿಲ್ಲ ಎಂದರೆ ಸುಳ್ಳು. ಮುಖ್ಯ ರಸ್ತೆಗೆ ಹೋಗಬೇಕಾದಾಗಲೆಲ್ಲ ಅವಳು ಎದುರು ಬದಿಯ ಫುಟ್‌ಪಾತಿನಲ್ಲಿ ನಡೆಯುತ್ತಿದ್ದಳು. ನಾನೇ ಡಬ್ಬಿ ತೆಗೆದು, ಮುರಿದ ಕುರ್ಚಿಯೊಂದರ ಬೆನ್ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, ಅದರ ಕಡ್ಡಿಗಳಿಗೆ ಒಡವೆಗಳನ್ನು ನೇತುಹಾಕಿದೆ. ಜಿಪ್ ಹಾಕಿಸಲು ಬಂದವರು ನೋಡಲಿ ಎಂದು. ಯಾರು ಮಾಡಿದ್ದು ಎಂದು ಕೇಳಿದವರಿಗೆ ಉತ್ತರ ಕೊಡಲು ನಾನಿದ್ದೆ, ಬಡಗಿಯ ಕಿವಿಗೆ ಬೀಳುವಷ್ಟು ಗಟ್ಟಿಯಾಗಿಯೇ ಕೊಡುತ್ತಿದ್ದೆ. ನರ್ಸಮ್ಮ ಮೂಗು ಮುರಿಯುತ್ತಲೇ ಒಂದು ಜೊತೆ ಓಲೆ ತೆಗೆದುಕೊಂಡರು, ಆಮೇಲೆ ತಂಗಿಗೊಂದು, ಸೊಸೆಗೊಂದು.

ಹೀಗೆ ಒಂದು ಮಧ್ಯಾಹ್ನ, ಆಟದ ಬಟ್ಟೆಯಲ್ಲಿದ್ದ ಒಬ್ಬ ಹುಡುಗಿ ಎರಡು ತುಂಡಾದ ಕ್ರಿಕೆಟ್ ಬ್ಯಾಟನ್ನು ಎದೆಗವಚಿಕೊಂಡು ಅಂಗಡಿಯ ಮುಂದೆ ನಿಂತಳು. ಭಾವನವರು ಅಭ್ಯಾಸಬಲದಿಂದ ಕೈ ಚಾಚಿ, ಕೊಡಮ್ಮ, ಅಂಟು ಹಾಕಿ ಸರಿಮಾಡಿಕೊಡ್ತೀನಿ ಎಂದರು. ಅವಳು ಬ್ಯಾಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಸರಿಮಾಡುವುದು ಬೇಡವಂತೆ, ಈ ಬ್ಯಾಟಿನಲ್ಲಿ ಆಡಿ ಗೆದ್ದಿದ್ದಾಳಂತೆ, ಕೊರಳಿಗೆ ಹಾಕಿಕೊಳ್ಳುವ ಹಾಗೆ ಏನಾದರೂ ಮಾಡಿಸಬೇಕಂತೆ.

“ಒಡವೆ ಮಾಡೋರು ಇರೋದು ಇಲ್ಲೇ ಅಲ್ವಾ?” ಎಂದು ಕೇಳಿದಳು.

ನಾನು ಮಷಿನ್ ನಿಲ್ಲಿಸಿದೆ. ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು, ಆದರೆ ಅವಳು ಕೇಳಿದ್ದು ಭಾವನವರನ್ನು. ಅವರು ಕೈಯಲ್ಲಿದ್ದ ಉಳಿಯನ್ನು ಮೇಜಿನ ಮೇಲಿಟ್ಟರು. ಇಲ್ಲ ಎನ್ನಬಹುದಿತ್ತು, ನಾನೇ ಎಂದೂ ಎನ್ನಬಹುದಿತ್ತು. ಮೇಲಿನಿಂದ ಅಕ್ಕ, ಯಾರದು ಎಂದು ಕೇಳಿದಳು.

ಭಾವನವರು ತಲೆ ಎತ್ತದೆ ಮೆಟ್ಟಿಲ ಕಡೆ ಕೈ ತೋರಿಸಿದರು.

“ನಿನ್ನ ಗಿರಾಕಿ,” ಎಂದು ಮೇಲಕ್ಕೆ ಕೂಗಿ ಹೇಳಿದರು.

ಹುಡುಗಿ ಮೆಟ್ಟಿಲು ಹತ್ತಿಹೋದಳು. ಎರಡೇ ಮಾತು ಹೇಳುವುದಕ್ಕೆ ಆ ಮನುಷ್ಯನಿಗೆ ಇಷ್ಟು ಕಾಲ ಬೇಕಾಯಿತು. ನನ್ನ ಕೋಪ ಇನ್ನೂ ಇಳಿದಿಲ್ಲ.